ಕೊನೆಯ ಸಹಿ, ಮೊದಲ ಪ್ರಕಟಣೆ: ನ್ಯೂಯಾರ್ಕ್ ನಗರ ಸನ್ನದಿನ ಭೂಬಳಕೆ ತಿದ್ದುಪಡಿಗಳು

ನಗರವೊಂದರ ಭೂಬಳಕೆಯ ನಿಯಮಗಳು ಭಾಷಾ ಅಧ್ಯಯನದ ವಸ್ತುವಾಗುವುದು ವಿರಳ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳೆಂದರೆ ಶಾಲೆ, ಪಠ್ಯಪುಸ್ತಕ, ನೇಮಕಾತಿ, ನಾಮಫಲಕ ಎಂಬ ನಾಲ್ಕು ಶೀರ್ಷಿಕೆಗಳ ಒಳಗೇ ಗಡಿನಾಡಿನ ಬರವಣಿಗೆ ಬಹುಮಟ್ಟಿಗೆ ಸುತ್ತುತ್ತಿದೆ. ಯಾವ ಹೊಲ ಬಡಾವಣೆಯಾಗಬೇಕು, ಯಾವ ಪೇಟೆಯ ನಡುವೆ ರಸ್ತೆ ಹಾಯಬೇಕು, ಯಾವ ಬೀದಿಯಲ್ಲಿ ಎಷ್ಟು ಅಂತಸ್ತು ಏಳಬೇಕು ಎಂಬ ತೀರ್ಮಾನಗಳೂ ಒಂದು ನಿರ್ದಿಷ್ಟ ಭಾಷೆಯಲ್ಲಿಯೇ ಪ್ರಕಟವಾಗುತ್ತವೆ, ಒಂದು ಗಡುವಿನೊಳಗೇ ಆಕ್ಷೇಪಣೆ ಕೇಳುತ್ತವೆ. ಆ ಭಾಷೆಯನ್ನು ಓದಲಾರದವನಿಗೆ ಗಡುವು ಮುಗಿದದ್ದು ಕೂಡ ತಿಳಿಯುವುದಿಲ್ಲ. ಈ ದೃಷ್ಟಿಯಿಂದ, 2025ರ ನವೆಂಬರ್ 4ರಂದು ನ್ಯೂಯಾರ್ಕ್ ನಗರದ ಮತದಾರರು ತಮ್ಮ ನಗರ ಸನ್ನದಿಗೆ ಒಪ್ಪಿದ ಭೂಬಳಕೆ ಸಂಬಂಧದ ತಿದ್ದುಪಡಿಗಳು ನಮ್ಮ ಗಮನಕ್ಕೆ ಅರ್ಹವಾಗಿವೆ. ಅಲ್ಲಿನ ವಾದವಿವಾದವೆಲ್ಲ ಯೋಜನೆಯೊಂದಕ್ಕೆ ಕೊನೆಯ ಸಹಿ ಯಾರದು ಎಂಬುದರ ಸುತ್ತ ನಡೆಯಿತು. ಮೊದಲ ಪ್ರಕಟಣೆಯನ್ನು ಯಾರು ಓದಬಲ್ಲರು ಎಂಬ ಪ್ರಶ್ನೆ ಆ ವಾದದ ಅಂಚಿನಲ್ಲಿಯೇ ಉಳಿಯಿತು. ಈ ಲೋಪವನ್ನು ವಿವೇಚಿಸುವುದು, ಹಾಗೂ ಅದರಿಂದ ಗಡಿನಾಡಿನ ನಗರಗಳು ಕಲಿಯಬೇಕಾದುದನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಅಧಿಕಾರ ಕೈ ಬದಲಿಸಿದ ಬಗೆ

ಸನ್ನದೆಂದರೆ ನಗರದ ಸಂವಿಧಾನ. ಮೇಯರ್, ಪರಿಷತ್ತು, ಆಯೋಗಗಳು ಯಾವ ಅಧಿಕಾರವನ್ನು ಯಾವ ಕ್ರಮದಲ್ಲಿ ಚಲಾಯಿಸಬೇಕೆಂಬುದನ್ನು ಅದು ನಿಗದಿಪಡಿಸುತ್ತದೆ. ನ್ಯೂಯಾರ್ಕಿನಲ್ಲಿ ನಗರ ಯೋಜನಾ ಆಯೋಗವು 1938ರಲ್ಲಿ ಜಾರಿಗೆ ಬಂದ ಸನ್ನದಿನ ಕೂಸು. ಮುಂದಿನ ದಶಕಗಳಲ್ಲಿ ಹೆದ್ದಾರಿಗಳಿಗಾಗಿ, ಕೊಳೆಗೇರಿ ನಿರ್ಮೂಲನದ ಹೆಸರಿನಲ್ಲಿ ನೆರೆಹೊರೆಗಳೇ ಅಳಿಸಿಹೋದಾಗ ಅಲ್ಲಿನ ನಿವಾಸಿಗಳ ಅನುಮತಿಯನ್ನು ಯಾರೂ ಕೇಳಿರಲಿಲ್ಲ. ಆ ಅನುಭವದಿಂದ ಹುಟ್ಟಿದ ಅಸಮಾಧಾನಕ್ಕೆ 1975ರ ಸನ್ನದು ಪರಿಷ್ಕರಣೆ ಉತ್ತರವಾಯಿತು. ಭೂಬಳಕೆಯ ಪ್ರತಿಯೊಂದು ಮುಖ್ಯ ಅರ್ಜಿಯೂ ಒಂದೇ ಬಗೆಯ ಸಾರ್ವಜನಿಕ ಪರಿಶೀಲನೆಗೆ ಒಳಗಾಗಬೇಕೆಂಬ ಕಾರ್ಯವಿಧಾನ ಆಗ ರೂಪುಗೊಂಡಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ಯೂಲರ್ಪ್ ಎನ್ನುತ್ತಾರೆ. ಇಂದು ರೂಢಿಯಲ್ಲಿರುವಂತೆ ಅರ್ಜಿಯು ಮೊದಲು ಸಮುದಾಯ ಮಂಡಳಿಗೆ ಹೋಗುತ್ತದೆ. ಅಲ್ಲಿ 60 ದಿನ. ಬಳಿಕ ಬರೋ ಅಧ್ಯಕ್ಷರಲ್ಲಿ 30 ದಿನ, ಯೋಜನಾ ಆಯೋಗದಲ್ಲಿ 60 ದಿನ, ನಗರ ಪರಿಷತ್ತಿನಲ್ಲಿ 50 ದಿನ, ಕೊನೆಗೆ ಮೇಯರ್ ಅವರಿಗೆ 5 ದಿನ. ಎಲ್ಲ ಕೂಡಿ ಸುಮಾರು ಏಳು ತಿಂಗಳು. ನಗರದಲ್ಲಿ ಇಂಥ 59 ಸಮುದಾಯ ಮಂಡಳಿಗಳಿವೆ. ಗೌರವ ಸೇವೆಯ, 50ರವರೆಗೆ ಸದಸ್ಯರಿರುವ ಈ ಮಂಡಳಿಗಳ ಅಭಿಪ್ರಾಯ ಸಲಹೆ ಮಾತ್ರ. ಅದಕ್ಕೆ ಯಾರನ್ನೂ ಕಟ್ಟಿಹಾಕುವ ಬಲವಿಲ್ಲ.

1989ರವರೆಗೆ ಅಂತಿಮ ತೀರ್ಮಾನ ಬೋರ್ಡ್ ಆಫ್ ಎಸ್ಟಿಮೇಟ್ ಎಂಬ ಸಂಸ್ಥೆಯ ಕೈಯಲ್ಲಿತ್ತು. ಮೇಯರ್ ಮೊದಲಾದ ಮೂವರು ನಗರಮಟ್ಟದ ಅಧಿಕಾರಸ್ಥರಿಗೆ ತಲಾ ಎರಡು ಮತ, ಐವರು ಬರೋ ಅಧ್ಯಕ್ಷರಿಗೆ ತಲಾ ಒಂದು ಮತ. ಸುಮಾರು 22 ಲಕ್ಷ ಜನರಿದ್ದ ಬ್ರೂಕ್ಲಿನ್‌ಗೂ ಸುಮಾರು 3.5 ಲಕ್ಷ ಜನರಿದ್ದ ಸ್ಟೇಟನ್ ಐಲ್ಯಾಂಡ್‌ಗೂ ಒಂದೇ ಬೆಲೆಯ ಮತವೆಂಬುದು ಸಮಾನ ಮತದ ತತ್ತ್ವಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1989ರ ಮಾರ್ಚ್‌ನಲ್ಲಿ ತೀರ್ಪಿತ್ತಿತು. ಅದೇ ವರ್ಷ ಮತದಾರರು ಒಪ್ಪಿದ ಹೊಸ ಸನ್ನದು ಆ ಸಂಸ್ಥೆಯನ್ನೇ ರದ್ದುಮಾಡಿ ಭೂಬಳಕೆಯ ಕೊನೆಯ ಮಾತನ್ನು ಪರಿಷತ್ತಿಗೆ ವರ್ಗಾಯಿಸಿತು. ಪರಿಷತ್ತಿನ ಸದಸ್ಯಬಲ 35ರಿಂದ 51ಕ್ಕೆ ಏರಿತು. ಕ್ಷೇತ್ರಗಳು ಚಿಕ್ಕದಾದರೆ ಅಲ್ಪಸಂಖ್ಯಾತ ಸಮುದಾಯಗಳಿಗೆ ತಮ್ಮವರನ್ನು ಆರಿಸಿ ಕಳಿಸುವುದು ಸುಲಭವಾಗುತ್ತದೆಂಬ ಆಲೋಚನೆ ಈ ಹೆಚ್ಚಳದ ಹಿಂದಿತ್ತು.

ಸನ್ನದಿನಲ್ಲಿ ಬರೆಯದ ಒಂದು ಸಂಪ್ರದಾಯ ಇದರ ಬೆನ್ನಿಗೇ ಬೇರೂರಿತು. ಯೋಜನೆ ಯಾವ ಕ್ಷೇತ್ರದ್ದೋ ಆ ಕ್ಷೇತ್ರದ ಸದಸ್ಯ ಹೇಳಿದಂತೆ ಉಳಿದವರು ಮತ ಹಾಕುವುದು. ಐವತ್ತೊಂದು ಜನರ ತೀರ್ಮಾನ ಹೀಗೆ ಒಬ್ಬರ ತೀರ್ಮಾನವಾಯಿತು. ಹಾರ್ಲೆಮ್‌ನ 145ನೇ ಬೀದಿಯ ದೊಡ್ಡ ವಸತಿ ಯೋಜನೆಯೊಂದು 2022ರಲ್ಲಿ ಸ್ಥಳೀಯ ಸದಸ್ಯರ ವಿರೋಧದಿಂದ ಹಿಂದಕ್ಕೆ ಸರಿದು, ಆ ಜಾಗ ಲಾರಿಗಳ ನಿಲ್ದಾಣವಾಗಿ, ಮೂರು ವರ್ಷಗಳ ಬಳಿಕ ಬೇರೆ ಸದಸ್ಯರ ಕಾಲದಲ್ಲಿ ಯೋಜನೆ ಮತ್ತೆ ಮಂಜೂರಾದದ್ದು ಈ ಸಂಪ್ರದಾಯದ ವಿಮರ್ಶಕರು ಪದೇ ಪದೇ ಎತ್ತುವ ನಿದರ್ಶನ.

2025ರ ತಿದ್ದುಪಡಿಗಳು

ಮೇಯರ್ ಎರಿಕ್ ಆಡಮ್ಸ್ 2024ರ ಡಿಸೆಂಬರ್‌ನಲ್ಲಿ ನೇಮಿಸಿದ ಸನ್ನದು ಪರಿಷ್ಕರಣಾ ಆಯೋಗ ಈ ಸಂಪ್ರದಾಯವನ್ನೇ ಗುರಿಯಾಗಿಸಿಕೊಂಡಿತು. ಅದರ ಮುಖ್ಯ ಪ್ರಸ್ತಾವಗಳು ಮೂರು. ಮೊದಲನೆಯದು, ಸರ್ಕಾರಿ ನೆರವಿನಿಂದ ಕಟ್ಟುವ, ಕೈಗೆಟುಕುವ ಬಾಡಿಗೆಯ ವಸತಿಗೂ, ಅಂಥ ವಸತಿ ಅತಿ ಕಡಿಮೆ ನಿರ್ಮಾಣವಾಗಿರುವ 12 ಸಮುದಾಯ ಜಿಲ್ಲೆಗಳ ಯೋಜನೆಗಳಿಗೂ ತ್ವರಿತ ಮಾರ್ಗ. ಎರಡನೆಯದು, ಸಣ್ಣ ಪ್ರಮಾಣದ ವಸತಿ ಹಾಗೂ ಕೆಲವು ಮೂಲಸೌಕರ್ಯ ಕಾಮಗಾರಿಗಳಿಗೆ ಸರಳ ಪರಿಶೀಲನೆ. ಇಲ್ಲಿ ಸಮುದಾಯ ಮಂಡಳಿಯೂ ಬರೋ ಅಧ್ಯಕ್ಷರೂ ಒಂದೇ ವೇಳೆಯಲ್ಲಿ ಅರ್ಜಿಯನ್ನು ನೋಡುತ್ತಾರೆ. ಬಹುತೇಕ ಪ್ರಕರಣಗಳಲ್ಲಿ ಅಂತಿಮ ತೀರ್ಮಾನ ಪರಿಷತ್ತಿಗೆ ಬದಲು ಯೋಜನಾ ಆಯೋಗದ್ದು. ಮೂರನೆಯದು, ಕೈಗೆಟುಕುವ ವಸತಿಯ ಯೋಜನೆಯನ್ನು ಪರಿಷತ್ತು ತಿರಸ್ಕರಿಸಿದರೆ ಅಥವಾ ಬದಲಿಸಿದರೆ ಮೇಲ್ಮನವಿ ಕೇಳಲು ಮೇಯರ್, ಪರಿಷತ್ತಿನ ಸ್ಪೀಕರ್ ಮತ್ತು ಸಂಬಂಧಪಟ್ಟ ಬರೋ ಅಧ್ಯಕ್ಷರ ತ್ರಿಸದಸ್ಯ ಮಂಡಳಿ. ಇಬ್ಬರು ಒಪ್ಪಿದರೆ ಪರಿಷತ್ತಿನ ನಿರ್ಣಯ ಬಿದ್ದುಹೋಗುತ್ತದೆ. ಇವುಗಳ ಜೊತೆಗೆ, ಐದು ಕಚೇರಿಗಳಲ್ಲಿ ಕಾಗದದ ಮೇಲೆ ಹಂಚಿಹೋಗಿರುವ ನಗರ ನಕ್ಷೆಯನ್ನು ಒಂದೇ ಡಿಜಿಟಲ್ ನಕ್ಷೆಯಾಗಿಸುವ ಪ್ರಸ್ತಾವವೂ ಇತ್ತು. ನಾಲ್ಕೂ ಅಂಗೀಕೃತವಾದವು.

ಈ ಬದಲಾವಣೆಯ ತಿರುಳನ್ನು ಸರಿಯಾಗಿ ಅರಿಯಲು ಯೋಜನಾ ಆಯೋಗದ ರಚನೆಯನ್ನು ನೆನೆಯಬೇಕು. ಅದರ 13 ಸದಸ್ಯರಲ್ಲಿ ಅಧ್ಯಕ್ಷರೂ ಸೇರಿ 7 ಮಂದಿಯನ್ನು ಮೇಯರ್ ನೇಮಿಸುತ್ತಾರೆ. ಬರೋ ಅಧ್ಯಕ್ಷರು ತಲಾ ಒಬ್ಬರನ್ನು, ಜನವಕೀಲ ಎನ್ನಬಹುದಾದ ಚುನಾಯಿತ ಅಧಿಕಾರಿ ಒಬ್ಬರನ್ನು. ಆದ್ದರಿಂದ ಪರಿಷತ್ತಿನಿಂದ ಆಯೋಗಕ್ಕೆ ಅಧಿಕಾರ ಸರಿಯಿತೆಂದರೆ, ಚುನಾಯಿತರ ಸಭೆಯಿಂದ ಮೇಯರ್ ಅವರ ಬಹುಮತವಿರುವ ನೇಮಿತ ಸಭೆಗೆ ಸರಿಯಿತೆಂದೇ ಅರ್ಥ. ಪರಿಷತ್ತು ಇದನ್ನು ತೀವ್ರವಾಗಿ ವಿರೋಧಿಸಿತು; ಪ್ರಶ್ನೆಗಳ ಒಕ್ಕಣೆ ಮತದಾರರ ದಾರಿ ತಪ್ಪಿಸುವಂಥದ್ದೆಂದು ಚುನಾವಣಾ ಮಂಡಳಿಯ ಮುಂದೆ ಆಕ್ಷೇಪವೆತ್ತಿತು. ಮಂಡಳಿ ಪ್ರಶ್ನೆಗಳನ್ನು ಮತಪತ್ರದಿಂದ ತೆಗೆಯಲಿಲ್ಲ. ಪಠ್ಯವಿಮರ್ಶೆಯ ದೃಷ್ಟಿಯಿಂದ ನೋಡಿದರೆ ಪರಿಷತ್ತಿನ ಆಕ್ಷೇಪದಲ್ಲಿ ಸತ್ಯಾಂಶವಿದೆ. ಮತಪತ್ರದ ಶೀರ್ಷಿಕೆಗಳು ಉದ್ದೇಶವನ್ನು ಹೇಳುತ್ತವೆ, ಉಪಾಯವನ್ನು ಹಿಂದಕ್ಕೆ ಸರಿಸುತ್ತವೆ. ಯಾರ ಅಧಿಕಾರ ಕುಗ್ಗುತ್ತದೆಂಬುದನ್ನು ಓದುಗ ಬಹುಮಟ್ಟಿಗೆ ಊಹಿಸಿಕೊಳ್ಳಬೇಕು. ವಸತಿ ಬೇಕೆ ಎಂದು ಕೇಳಿದರೆ ಬೇಡವೆನ್ನುವವರು ಯಾರು?

ಸ್ಥಳೀಯತೆಯ ಎರಡು ಮುಖಗಳು

ಇಷ್ಟನ್ನು ಓದಿದ ಗಡಿನಾಡಿನ ಕನ್ನಡಿಗನ ಮೊದಲ ಒಲವು ಪರಿಷತ್ತಿನ ಕಡೆಗೇ ವಾಲುವುದು ಸಹಜ. ದೂರದ ರಾಜಧಾನಿ ತೀರ್ಮಾನಿಸಿ, ಊರು ಅನುಭವಿಸುವ ಕಥೆ ನಮಗೆ ಹೊಸದಲ್ಲ. ಸ್ಥಳೀಯ ಸದಸ್ಯನ ಕೈಯಲ್ಲಿದ್ದ ನಿರಾಕರಣೆಯ ಬಲವು ಕೆಲವು ಕಡೆ ದುರ್ಬಲರಿಗೆ ಆಸರೆಯಾದದ್ದೂ ನಿಜ. ಬ್ರೂಕ್ಲಿನ್‌ನ ಗೊವಾನಸ್ ಪ್ರದೇಶದ ವಲಯ ನಿಯಮಗಳು 2021ರಲ್ಲಿ ಬದಲಾದಾಗ, ಸ್ಥಳೀಯ ಸದಸ್ಯರು ಒಪ್ಪಿಗೆಯನ್ನು ಪಣಕ್ಕಿಟ್ಟು ಅಲ್ಲಿನ ಎರಡು ಸಾರ್ವಜನಿಕ ವಸತಿ ಸಮುಚ್ಚಯಗಳ ದುರಸ್ತಿಗೆ 20 ಕೋಟಿ ಡಾಲರ್ ಪಡೆದರು. ಸ್ಪ್ಯಾನಿಷ್ ಮತ್ತು ಚೀನೀ ಭಾಷಿಕರು ಹೆಚ್ಚಾಗಿರುವ ಸನ್‌ಸೆಟ್ ಪಾರ್ಕ್‌ನಲ್ಲಿ ಇಂಡಸ್ಟ್ರಿ ಸಿಟಿ ವಿಸ್ತರಣೆಯ ಅರ್ಜಿ 2020ರಲ್ಲಿ ಹಿಂದಕ್ಕೆ ಹೋದದ್ದೂ ಸ್ಥಳೀಯ ಸದಸ್ಯರ ವಿರೋಧದಿಂದಲೇ. ಅದು ವಸತಿ ಯೋಜನೆಯಲ್ಲವಾದ್ದರಿಂದ ಹೊಸ ನಿಯಮಗಳ ವ್ಯಾಪ್ತಿಗೆ ಬಾರದು; ಆದರೂ ಒಂದೆಡೆ ನೆಲೆನಿಂತ ಅಲ್ಪಸಂಖ್ಯಾತರಿಗೆ ಒಬ್ಬ ಸದಸ್ಯನ ಕೈ ಎಷ್ಟು ದೊಡ್ಡದೆಂಬುದನ್ನು ಅದು ತೋರಿಸುತ್ತದೆ.

ಇದರ ಮತ್ತೊಂದು ಮುಖವನ್ನೂ ನೋಡಬೇಕು. ಅದೇ ನಿರಾಕರಣೆಯ ಬಲ ಸ್ವಂತ ಮನೆಗಳ, ಅನುಕೂಲಸ್ಥರ ನೆರೆಹೊರೆಗಳಲ್ಲಿ ಹೊಸಬರನ್ನು ಹೊರಗಿಡುವ ಬೇಲಿಯಾಗಿದೆ. ಕೈಗೆಟುಕುವ ವಸತಿಯನ್ನು ಅತಿ ಕಡಿಮೆ ಕಟ್ಟಿದ 12 ಜಿಲ್ಲೆಗಳನ್ನು ಆಯೋಗ ಆರಿಸಿಕೊಂಡದ್ದು ಈ ಬೇಲಿಯನ್ನು ಕೀಳಲೆಂದೇ. ಸ್ಥಳೀಯತೆ ಎಂಬ ಪದವನ್ನು ಮಂತ್ರದಂತೆ ಜಪಿಸುವ ಮೊದಲು ಆ ಸ್ಥಳದಲ್ಲಿ ಬಹುಸಂಖ್ಯಾತರು ಯಾರೆಂದು ಕೇಳಬೇಕು.

ಗಡಿನಾಡಿಗೆ ಈ ಪ್ರಶ್ನೆಯನ್ನು ಅನ್ವಯಿಸಿದರೆ ಉತ್ತರ ಊರೂರಿಗೂ ಬದಲಾಗುತ್ತದೆ. ಕಾಸರಗೋಡು ಜಿಲ್ಲೆಯ ಉತ್ತರದ ಪಂಚಾಯತಿಗಳಲ್ಲಿ ಕನ್ನಡ ಬಲ್ಲವರು ಒತ್ತಾಗಿ ನೆಲೆಸಿದ್ದಾರೆ. ಅಲ್ಲಿ ಅಧಿಕಾರ ಕೆಳಗಿಳಿದಷ್ಟೂ ಕನ್ನಡದ ಕಿವಿಗೆ ಹತ್ತಿರವಾಗುತ್ತದೆ. ಸೊಲ್ಲಾಪುರ ನಗರದಲ್ಲಿ ಕನ್ನಡಿಗರು ಮರಾಠಿ, ತೆಲುಗು, ಉರ್ದು ಭಾಷಿಕರೊಂದಿಗೆ ಬೆರೆತು ಹಲವು ವಾರ್ಡುಗಳಲ್ಲಿ ಹರಡಿಕೊಂಡಿದ್ದಾರೆ. ಹರಡಿಕೊಂಡವರಿಗೆ ಒಬ್ಬ ಸದಸ್ಯನ ನಿರಾಕರಣೆಯ ಬಲದಿಂದ ವಿಶೇಷ ಲಾಭವಿಲ್ಲ. ನಗರದುದ್ದಕ್ಕೂ ಅನ್ವಯಿಸುವ ನಿಯಮವೇ ಅವರ ಆಸರೆ. ಒಂದೇ ಕಾನೂನು ಒತ್ತಾಗಿರುವ ಅಲ್ಪಸಂಖ್ಯಾತರಿಗೆ ರಕ್ಷೆಯಾಗಿ, ಹರಡಿರುವವರಿಗೆ ನಿರುಪಯೋಗಿಯಾಗಬಹುದು. ಅಂತಿಮ ಅಧಿಕಾರ ಪರಿಷತ್ತಿಗಿರಲಿ, ಆಯೋಗಕ್ಕಿರಲಿ, ಈ ವ್ಯತ್ಯಾಸ ಕಳೆಯುವುದಿಲ್ಲ. ಆದ್ದರಿಂದ ಕೊನೆಯ ಸಹಿಯ ವಿವಾದದಲ್ಲಿ ಒಂದು ಪಕ್ಷ ಹಿಡಿದು ತೃಪ್ತರಾಗುವುದು ನಮಗೆ ಸಾಲದು.

ಗಡುವು ಮತ್ತು ಭಾಷೆ

ಎರಡೂ ಬಗೆಯ ಅಲ್ಪಸಂಖ್ಯಾತರಿಗೆ ಸಮಾನವಾಗಿ ಬೇಕಾದುದು ಬೇರೆಯೇ ಇದೆ: ತಿಳಿಯುವ ಭಾಷೆಯಲ್ಲಿ ಪ್ರಕಟಣೆ, ಅರ್ಥಮಾಡಿಕೊಳ್ಳಲು ಸಾಕಷ್ಟು ಸಮಯ, ತಮ್ಮ ಮಾತಿಗೆ ದಾಖಲೆಯಲ್ಲಿ ಸ್ಥಾನ. ಈ ಮೂರನ್ನು ಒರೆಗಲ್ಲಾಗಿ ಹಿಡಿದು 2025ರ ತಿದ್ದುಪಡಿಗಳನ್ನು ಪರೀಕ್ಷಿಸಿದರೆ ಅವುಗಳ ನಿಜವಾದ ಕೊರತೆ ಕಾಣುತ್ತದೆ.

ಹಳೆಯ ಏಳು ತಿಂಗಳನ್ನು ವಿಳಂಬವೆಂದೇ ಎಣಿಸುವುದು ಕಟ್ಟುವವನ ಲೆಕ್ಕ. ಬೀದಿಯಲ್ಲಿರುವವನಿಗೆ ಆ ಹಂತಗಳೇ ಸುದ್ದಿ ಹರಡುವ ದಾರಿ. ಸಮುದಾಯ ಮಂಡಳಿಯ ಸಭೆಯಲ್ಲಿ ಒಂದು ಹೆಸರು ಕಿವಿಗೆ ಬೀಳುತ್ತದೆ. ಬರೋ ಅಧ್ಯಕ್ಷರ ವಿಚಾರಣೆಯ ಹೊತ್ತಿಗೆ ಯಾರಾದರೂ ಅದನ್ನು ಮನೆಮಾತಿನಲ್ಲಿ ವಿವರಿಸಿರುತ್ತಾರೆ. ಪರಿಷತ್ತಿಗೆ ಬರುವಷ್ಟರಲ್ಲಿ ಜನ ಮಾತಾಡಲು ಸಿದ್ಧರಾಗಿರುತ್ತಾರೆ. ಎರಡು ಹಂತಗಳನ್ನು ಒಂದೇ ವೇಳೆಗೆ ಸೇರಿಸಿ ಮೂರನೆಯದನ್ನು ತೆಗೆದರೆ ಉಳಿಯುವುದು ಸುಮಾರು ಮೂರು ತಿಂಗಳು. ಇಂಗ್ಲಿಷ್ ಬಲ್ಲವನಿಗೆ ಅದು ಸಾಕಾಗಬಹುದು. ಅನುವಾದಕ್ಕಾಗಿ ಕಾಯುವವನ ಪಾಲಿಗೆ ಮಾತಾಡುವ ಸರದಿ ಬರುವ ಮೊದಲೇ ಕಡತ ಮುಚ್ಚಿರುತ್ತದೆ.

ನ್ಯೂಯಾರ್ಕ್ ಭಾಷೆಯ ಪ್ರಶ್ನೆಗೆ ಕುರುಡಾಗಿರುವ ನಗರವಂತೂ ಅಲ್ಲ. 2017ರ ಸ್ಥಳೀಯ ಕಾನೂನು 30 ನಗರದ ಇಲಾಖೆಗಳು ಹತ್ತು ಭಾಷೆಗಳಲ್ಲಿ ಸೇವೆಯ ಮುಖ್ಯ ದಾಖಲೆಗಳನ್ನು ಒದಗಿಸಬೇಕೆನ್ನುತ್ತದೆ. ಅವುಗಳಲ್ಲಿ ನಮ್ಮ ಉಪಖಂಡದ ಬಂಗಾಳಿ, ಉರ್ದು ಎರಡೂ ಇವೆ. ಮತದಾನ ಹಕ್ಕಿನ ಕಾಯಿದೆಯಂತೆ ಕ್ವೀನ್ಸ್‌ನಲ್ಲಿ ಮತಪತ್ರವೇ ಬಂಗಾಳಿಯಲ್ಲೂ ಸಿಗುತ್ತದೆ. 2018ರಲ್ಲಿ ಮತದಾರರು ಒಪ್ಪಿದ ತಿದ್ದುಪಡಿಯಿಂದ ಸ್ಥಾಪಿತವಾದ ನಾಗರಿಕ ಸಹಭಾಗಿತ್ವ ಆಯೋಗಕ್ಕೆ ಭಾಷಾ ನೆರವಿನ ಹೊಣೆಯೂ, ಸಮುದಾಯ ಮಂಡಳಿಗಳಿಗೆ ಭೂಬಳಕೆಯ ತಾಂತ್ರಿಕ ನೆರವಿನ ಹೊಣೆಯೂ ಇದೆ. ಹೀಗೆ ಸಾಮಗ್ರಿಯೆಲ್ಲ ಸನ್ನದಿನ ಒಳಗೇ ಇತ್ತು. 2025ರ ತಿದ್ದುಪಡಿಗಳು ಅದನ್ನು ಹೊಸ ಗಡುವುಗಳೊಂದಿಗೆ ಹೆಣೆಯಲಿಲ್ಲ. ಆ ಜಿಲ್ಲೆಯ ಪ್ರಮುಖ ಭಾಷೆಗಳಲ್ಲಿ ಸಾರಾಂಶ ಪ್ರಕಟವಾದ ದಿನದಿಂದಲೇ ಗಡುವಿನ ಎಣಿಕೆ ಆರಂಭವಾಗಬೇಕು ಎಂಬ ಒಂದು ವಾಕ್ಯವನ್ನು ಸೇರಿಸಿದ್ದರೆ ವೇಗಕ್ಕೂ ನ್ಯಾಯಕ್ಕೂ ಇರುವ ಕಲಹ ಎಷ್ಟೋ ತಗ್ಗುತ್ತಿತ್ತು. ಅನುವಾದದ ಹೊಣೆ ಅರ್ಜಿದಾರನ ಹೆಗಲೇರಿದಾಗ, ಅವಸರವಿರುವವನೇ ಅನುವಾದಕ್ಕೂ ಅವಸರಪಡುತ್ತಾನೆ.

ನಮ್ಮ ಕಡೆಯ ಸ್ಥಿತಿ

ಭಾರತದಲ್ಲಿ ನಗರಗಳಿಗೆ ತಾವೇ ಮತ ಹಾಕಿ ತಿದ್ದುವ ಸನ್ನದಿಲ್ಲ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ ಹನ್ನೆರಡನೆಯ ಅನುಸೂಚಿಯ ಮೊದಲ ಎರಡು ವಿಷಯಗಳಾಗಿ ನಗರ ಯೋಜನೆಯನ್ನೂ, ಭೂಬಳಕೆ ಮತ್ತು ಕಟ್ಟಡಗಳ ನಿಯಂತ್ರಣವನ್ನೂ ಹೆಸರಿಸಿತು. ಅವನ್ನು ಎಷ್ಟರಮಟ್ಟಿಗೆ ಪೌರಸಂಸ್ಥೆಗಳಿಗೆ ವಹಿಸಬೇಕೆಂಬುದು ಮಾತ್ರ ರಾಜ್ಯ ಶಾಸನಸಭೆಯ ಇಚ್ಛೆಗೆ ಬಿಟ್ಟ ಸಂಗತಿ. ಹೀಗಾಗಿ ಸೊಲ್ಲಾಪುರ 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಅಧಿನಿಯಮಕ್ಕೆ, 2019ರಲ್ಲಿ ನಗರಪಾಲಿಕೆಯಾದ ಹೊಸೂರು 1971ರ ತಮಿಳುನಾಡು ಅಧಿನಿಯಮಕ್ಕೆ, ಕಾಸರಗೋಡು 2016ರ ಕೇರಳ ಅಧಿನಿಯಮಕ್ಕೆ ಒಳಪಟ್ಟಿವೆ. ಸೊಲ್ಲಾಪುರದ ಅಭಿವೃದ್ಧಿ ಯೋಜನೆಯನ್ನು ಪಾಲಿಕೆ ಸಿದ್ಧಪಡಿಸಿದರೂ ಮಂಜೂರಾತಿ ರಾಜ್ಯ ಸರ್ಕಾರದ್ದು. ಕೊನೆಯ ಸಹಿ ಊರಿನಲ್ಲಿರಬೇಕೆ ರಾಜಧಾನಿಯಲ್ಲಿರಬೇಕೆ ಎಂಬ ಪ್ರಶ್ನೆಯನ್ನು ಅಲ್ಲಿನ ಮತದಾರನಿಗೆ ಯಾರೂ ಮತಪತ್ರದಲ್ಲಿ ಕೇಳುವುದಿಲ್ಲ.

ಆದರೆ ಮೊದಲ ಪ್ರಕಟಣೆಯ ವಿಷಯದಲ್ಲಿ ನಮ್ಮ ಸಂವಿಧಾನ ನ್ಯೂಯಾರ್ಕ್ ಸನ್ನದಿಗಿಂತ ಒಂದು ಹೆಜ್ಜೆ ಮುಂದಿದೆ. 350ನೆಯ ಅನುಚ್ಛೇದದಂತೆ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಕರಡು ಯೋಜನೆಯ ಮೇಲಿನ ಆಕ್ಷೇಪಣೆಯೂ ಅಂಥ ಅಹವಾಲೇ ಎಂದು ವಾದಿಸಲು ಆಧಾರವಿದೆ. ಜಿಲ್ಲೆಯಲ್ಲಾಗಲಿ, ತಾಲೂಕು, ಪುರಸಭೆಗಳಂಥ ಅದರ ಭಾಗದಲ್ಲಾಗಲಿ ಶೇಕಡಾ 15ಕ್ಕೂ ಹೆಚ್ಚು ಜನರ ಭಾಷೆಯಾಗಿದ್ದರೆ ಮುಖ್ಯ ನಿಯಮಗಳನ್ನೂ ಪ್ರಕಟಣೆಗಳನ್ನೂ ಆ ಭಾಷೆಯಲ್ಲಿ ಹೊರಡಿಸಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಕ್ಷಣೋಪಾಯಗಳಲ್ಲಿ ಒಂದು. 1969ರ ಕೇರಳ ಅಧಿಕೃತ ಭಾಷಾ ಅಧಿನಿಯಮ ಇನ್ನೂ ಮುಂದೆ ಹೋಗಿ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಿ, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶವಿತ್ತಿದೆ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬಿರುಕುಗಳೂ ಕಾಣುತ್ತವೆ. 350ನೆಯ ಅನುಚ್ಛೇದ ಕನ್ನಡದಲ್ಲಿ ಕೇಳುವ ಹಕ್ಕು ಕೊಡುತ್ತದೆ, ಕನ್ನಡದಲ್ಲಿ ಉತ್ತರಿಸುವ ಕರ್ತವ್ಯ ವಿಧಿಸುವುದಿಲ್ಲ. ಶೇಕಡಾ 15ರ ನಿಯಮ ಆಡಳಿತದ ಒಪ್ಪಂದವೇ ಹೊರತು ಯೋಜನಾ ಅಧಿನಿಯಮಗಳ ಭಾಗವಲ್ಲ. ಸರಿಯಾದ ಭಾಷೆಯಲ್ಲಿ ಪ್ರಕಟಣೆ ಹೊರಡದಿದ್ದರೆ ಗಡುವು ಓಡತೊಡಗಿಲ್ಲವೆಂದು ಅದು ಹೇಳುವುದಿಲ್ಲ. ಕೇರಳದ ಅಧಿನಿಯಮದ ಮಾತು ಸರ್ಕಾರಿ ಕಚೇರಿಗಳೊಂದಿಗಿನ ಪತ್ರವ್ಯವಹಾರಕ್ಕೆ ಸಂಬಂಧಿಸಿದ್ದು. ಪತ್ರ ಬರೆಯಬೇಕಾದ ಸಂದರ್ಭ ಬಂದಿದೆಯೆಂದು ತಿಳಿಸುವ ಪ್ರಕಟಣೆಯ ಭಾಷೆ ಅದರ ಆಚೆಗೇ ಉಳಿಯುತ್ತದೆ.

ಪರಿಭಾಷೆ ಮತ್ತು ನಕ್ಷೆ

ಪ್ರಕಟಣೆ ಕನ್ನಡದಲ್ಲಿ ಬಂತೆಂದೇ ಇಟ್ಟುಕೊಳ್ಳೋಣ; ಯಾವ ಕನ್ನಡದಲ್ಲಿ? ಸೊಲ್ಲಾಪುರದ ಕನ್ನಡಿಗನಿಗೆ ತನ್ನ ಜಮೀನಿನ ದಾಖಲೆ ಸಾತ್‌ಬಾರಾ ಉತಾರಾ, ಹೊಸೂರಿನವನಿಗೆ ಪಟ್ಟಾ, ಚಿಟ್ಟಾ, ರಾಯದುರ್ಗದವನಿಗೆ ಅಡಂಗಲ್. ಕರ್ನಾಟಕದ ಕಚೇರಿ ಕನ್ನಡದ ಪಹಣಿ ಎಂಬ ಪದ ಇವರಲ್ಲಿ ಹಲವರಿಗೆ ಪುಸ್ತಕದ ಪದ. ಕಟ್ಟಡದ ಒಟ್ಟು ನೆಲಹಾಸಿಗೂ ನಿವೇಶನಕ್ಕೂ ಇರುವ ಅನುಪಾತವನ್ನು ಮರಾಠಿಯ ಆಡಳಿತ ಭಾಷೆ ಚಟಈ ಕ್ಷೇತ್ರ ನಿರ್ದೇಶಾಂಕ ಎಂದು ಚಾಪೆಯ ಉಪಮೆಯಿಂದ ಹೇಳುತ್ತದೆ. ನಮ್ಮ ಮಾತಿನಲ್ಲಿ ಅದು ಎಫ್.ಎ.ಆರ್. ಎಂಬ ಮೂರಕ್ಷರಗಳಾಚೆ ಬೆಳೆದಿಲ್ಲ. ಬೆಂಗಳೂರಿನ ಪಾರಿಭಾಷಿಕ ಕೋಶವನ್ನು ಹಾಗೆಯೇ ಎತ್ತಿಕೊಟ್ಟರೆ ಗಡಿನಾಡಿನ ಓದುಗನ ಮುಂದೆ ಒಂದು ಅಪರಿಚಿತ ಭಾಷೆಯ ಬದಲು ಮತ್ತೊಂದನ್ನು ಇಟ್ಟಂತಾಗುತ್ತದೆ. ಇಲ್ಲಿನ ಅನುವಾದವು ನೆರೆಭಾಷೆಯ ರೂಢಿಪದವನ್ನು ಉಳಿಸಿಕೊಂಡು, ಕನ್ನಡದ ವಿವರಣೆಯನ್ನು ಜೊತೆಗೂಡಿಸಬೇಕು.

ನ್ಯೂಯಾರ್ಕಿನ ನಾಲ್ಕು ಪ್ರಶ್ನೆಗಳಲ್ಲಿ ಕಡಿಮೆ ವಿವಾದಕ್ಕೆ ಒಳಗಾದ ನಕ್ಷೆಯ ಪ್ರಶ್ನೆಯೇ ನಮಗೆ ಹೆಚ್ಚು ತಟ್ಟುವಂಥದ್ದು. ಕಾಗದದ ನಕ್ಷೆಗಳು ಒಂದೇ ಡಿಜಿಟಲ್ ನಕ್ಷೆಯಾಗುವಾಗ ಹೆಸರುಗಳೂ ಒಂದೇ ರೂಪಕ್ಕೆ ಬರುತ್ತವೆ. ಕಾಸರಗೋಡಿನ ಊರುಗಳ ಕನ್ನಡ, ತುಳು ಹೆಸರುಗಳು ಮಲಯಾಳದ ಉಚ್ಚಾರಕ್ಕೆ ಒಗ್ಗುತ್ತಿವೆಯೆಂಬ ಆತಂಕ 2021ರಲ್ಲಿ ದೊಡ್ಡ ಚರ್ಚೆಯಾದುದು ಓದುಗರ ನೆನಪಿನಲ್ಲಿದ್ದೀತು. ಕಾಗದದಲ್ಲಿ ಎರಡು ಹೆಸರುಗಳು ಬಹುಕಾಲ ಜೊತೆಗೆ ಬಾಳಬಲ್ಲವು. ಒಂದೂರಿಗೆ ಒಂದೇ ಹೆಸರೆಂದು ಹಟ ಹಿಡಿಯುವ ದತ್ತಾಂಶ ವ್ಯವಸ್ಥೆಯಲ್ಲಿ, ಪರ್ಯಾಯ ಹೆಸರಿಗೆ ಆರಂಭದಲ್ಲೇ ಸ್ಥಳ ಕಾದಿರಿಸದಿದ್ದರೆ ಅದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ತನ್ನ ಊರನ್ನು ನಕ್ಷೆಯಲ್ಲಿ ಗುರುತಿಸಲಾರದವನು ಅದರ ಮೇಲಿನ ಬಣ್ಣಕ್ಕೆ ಆಕ್ಷೇಪಣೆ ಬರೆಯುವುದಾದರೂ ಹೇಗೆ?

ಮುಂದಿನ ಕೆಲಸ

ಒಟ್ಟಾರೆ ನೋಡಿದರೆ 2025ರ ತಿದ್ದುಪಡಿಗಳು ಒಂದು ನಿಜವಾದ ರೋಗವನ್ನು ಗುರುತಿಸಿವೆ. ಯಾವ ಕಾನೂನಿನಲ್ಲೂ ಬರೆಯದ, ಯಾರಿಗೂ ಉತ್ತರಿಸಬೇಕಿಲ್ಲದ ಏಕವ್ಯಕ್ತಿ ನಿರಾಕರಣೆಯನ್ನು ಅವು ಮುರಿದದ್ದು ಸರಿಯೇ. ತೆಗೆದುಕೊಂಡ ಸಮಯಕ್ಕೆ ಪ್ರತಿಯಾಗಿ ತಿಳಿವಳಿಕೆಯ ಹಕ್ಕನ್ನು ಅವು ಕೊಡದಿರುವುದು ತಪ್ಪು. ಸನ್ನದೊಂದನ್ನು ತಿದ್ದುವವರು ಅಧಿಕಾರವನ್ನು ಎಲ್ಲಿಂದ ಎಲ್ಲಿಗೆ ಸರಿಸಿದರೂ, ಹೊಸ ಕ್ರಮದಲ್ಲಿ ಅತಿ ದುರ್ಬಲ ಓದುಗನಿಗೆ ಸಿಗುವ ದಿನಗಳು ಹಳೆಯದರಲ್ಲಿ ಸಿಗುತ್ತಿದ್ದುದಕ್ಕಿಂತ ಕಡಿಮೆಯಾಗಬಾರದು.

ಗಡಿನಾಡಿನ ವಿದ್ವಾಂಸರಿಗೆ ಇದರಿಂದ ಮೂರು ಕೆಲಸಗಳು ಒದಗುತ್ತವೆ. ಸೊಲ್ಲಾಪುರ, ಹೊಸೂರು, ಕಾಸರಗೋಡು, ಆದವಾನಿ ಮೊದಲಾದೆಡೆ ಕಳೆದ ಯೋಜನಾ ಪ್ರಕಟಣೆಗಳು ಯಾವ ಭಾಷೆಗಳಲ್ಲಿ ಹೊರಟವು, ಕನ್ನಡದಲ್ಲಿ ಸಲ್ಲಿಸಿದ ಆಕ್ಷೇಪಣೆಗಳಿಗೆ ಯಾವ ಭಾಷೆಯಲ್ಲಿ ಉತ್ತರ ಬಂತೆಂಬುದನ್ನು ಕಡತಗಳಿಂದ ಸಂಗ್ರಹಿಸುವುದು ಮೊದಲನೆಯದು. ಆಯಾ ಸೀಮೆಯ ರೂಢಿಪದಗಳನ್ನು ಆಧರಿಸಿದ ಭೂಬಳಕೆಯ ಕಿರುಪದಕೋಶ ಎರಡನೆಯದು. ಶೇಕಡಾ 15ರ ರಕ್ಷಣೋಪಾಯವನ್ನು ಯೋಜನಾ ಅಧಿನಿಯಮಗಳ ಪ್ರಕಟಣಾ ನಿಯಮಗಳಲ್ಲಿಯೇ ಸೇರಿಸಿ, ಅನುವಾದ ಹೊರಟ ದಿನದಿಂದ ಗಡುವನ್ನು ಎಣಿಸಬೇಕೆಂಬ ಮನವಿಯನ್ನು ರಾಜ್ಯ ಸರ್ಕಾರಗಳ ಮುಂದೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಮುಂದೂ ಇಡುವುದು ಮೂರನೆಯದು. ನಗರಗಳು ಬೆಳೆಯುತ್ತಿರುವ ವೇಗದಲ್ಲಿ ಮುಂದಿನ ಕರಡು ಯೋಜನೆ ಪ್ರಕಟವಾಗಲು ಹೆಚ್ಚು ಕಾಲ ಹಿಡಿಯದು. ಅಷ್ಟರೊಳಗೆ ಮೊದಲ ಕೆಲಸವಾದರೂ ಮುಗಿದಿದ್ದರೆ ಮನವಿಗೆ ಆಧಾರವಿರುತ್ತದೆ.